ರಕ್ತ ಕೊಟ್ಟು ಹೊರಟೇಬಿಟ್ಟ ಮಾವ

ನಮ್ಮ ಸೋದರಮಾವ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವರು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಕೆಳಗಿನ ಎರಡು ಮಹಡಿಯ ಸುದ್ದಿಯೂ ಅವರ ಬಾಯಲ್ಲಿರುತ್ತದೆ. ಯಾರಿಗಾದರೂ ರಕ್ತ ಬೇಕೆಂದು ಕಿವಿಗೆ ಬಿದ್ದರೆ ಸಾಕು, ಎದ್ದೆನೋ ಬಿದ್ದೆನೋ ಎಂದು ಓಡುತ್ತಾರೆ. ಇದುವರೆಗೆ ಐವತ್ತೆಂಟು ಸಲ ಕೊಟ್ಟಿದ್ದಾರೆ. ಊರಲ್ಲಿ ಅರ್ಧ ಜನ ತಮ್ಮ ರಕ್ತಸಂಬಂಧಿಗಳೇ ಎಂದು ಕೊಚ್ಚಿಕೊಳ್ಳುವುದು ಬೇರೆ.

ಅಂಥವರಿಗೆ ಬಲ ಮೊಣಕಾಲು ಕೈಕೊಟ್ಟಿತು. ಮೂರು ತಿಂಗಳಲ್ಲಿ ಸರಿಹೋಗದಿದ್ದರೆ ಗೋದಾಮಿನ ಕಾವಲಿಗೆ ಕೂರಿಸುತ್ತೇವೆ ಎಂದರು ಏಜೆನ್ಸಿಯವರು. ಮಾತಿಗೆ ಜನವೇ ಇಲ್ಲದ ಜಾಗ! ಮಾವನ ಬಾಯಿಗೆ ಬೀಗ ಹಾಕಿದಂತಾಯಿತು, ಊಟವೂ ಸೇರದು.

ಮೂಳೆ ಡಾಕ್ಟರು ಒಂದು ದಾರಿ ಹೇಳಿದರು. ಅವರದೇ ರಕ್ತ ಸ್ವಲ್ಪ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬೇರೆಯಾಗುವ ಹಳದಿ ದ್ರವವನ್ನು ಮೊಣಕಾಲಿಗೆ ಚುಚ್ಚುವುದು. ಎಲ್ಲರಿಗೂ ಗುಣ ಕಾಣುತ್ತದೆಂದು ಹೇಳಲಾಗದು, ಆದರೂ ನೋಡೋಣ ಎಂದರು.

ಚುಚ್ಚಿಸಿಕೊಳ್ಳುವ ದಿನ ಅತ್ತೆ, ನಾನು ಜೊತೆಗೆ ಹೋದೆವು. ಲ್ಯಾಬಿನ ಹುಡುಗಿ ರಕ್ತ ತೆಗೆದು ಯಂತ್ರಕ್ಕೆ ಹಾಕಲು ಒಳಗೆ ಹೋದಳು. ನಾವು ಕೌಂಟರಿಗೆ ಹೋಗಿ ಫೈಲು ಹಿಡಿದು ವಾಪಸ್ ಬಂದರೆ ಮಂಚ ಖಾಲಿ. ಮಾವ ಅಭ್ಯಾಸಬಲದಿಂದ ತೋಳಿಗೆ ಹತ್ತಿ ಒತ್ತಿಕೊಂಡು, ಆಸ್ಪತ್ರೆಯ ಆಯಾ ಹತ್ತಿರ ಎರಡು ಬಿಸ್ಕತ್ತು ಕೇಳಿ ತಿಂದು, ಬೇಕಾದರೆ ಮತ್ತೆ ಫೋನ್ ಮಾಡಿ ಎಂದು ಹೇಳಿ ಹೊರಟೇಬಿಟ್ಟಿದ್ದರು.

ಹುಡುಗಿ ಕೈಗವಸಿನಲ್ಲೇ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಏದುಸಿರು ಬಿಡುತ್ತಾ ಅತ್ತೆ. ಮಾವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾರದೆ, ಕಂಡಕ್ಟರನಿಗೆ ರಕ್ತದಾನದ ಮಹಿಮೆ ಹೇಳುತ್ತಿದ್ದರು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಆ ರಕ್ತ ಅವರ ಮೊಣಕಾಲಿಗೇ ಎಂದು ಹುಡುಗಿ ನೆನಪಿಸಿದ ಮೇಲೂ ಮಾವ ಅಲ್ಲಾಡಲಿಲ್ಲ. ಮುಖ ಸಣ್ಣದಾಯಿತು.

"ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋದು ಹೇಗಮ್ಮ? ಬೇರೆ ಯಾರಿಗಾದ್ರೂ ಹಾಕ್ಬಿಡು."

ಬೇರೆಯವರಿಗೆ ಹಾಕುವಂತಿಲ್ಲ, ತಡವಾದರೆ ಚೆಲ್ಲಬೇಕಾಗುತ್ತದೆ ಎಂದಳು ಹುಡುಗಿ. ಅಷ್ಟರಲ್ಲಿ ಅತ್ತೆ ಬಂದು ಅವರ ಕೈ ಹಿಡಿದರು.

"ಕೇಳಿದೋರಿಗೆಲ್ಲ ಕೊಟ್ರಿ, ನಾನು ಒಂದು ಮಾತೂ ಆಡ್ಲಿಲ್ಲ. ಇವತ್ತು ನಾನು ಕೇಳ್ತಿದೀನಿ. ನನ್ನ ಗಂಡನ ಮೊಣಕಾಲಿಗೆ ಬೇಕು, ಕೊಡಿ."

ಮಾವ ತೆಪ್ಪಗೆ ಆಸ್ಪತ್ರೆಯ ಕಡೆ ತಿರುಗಿದರು.

ಇದಾಗಿ ಹತ್ತು ವಾರ. ನಿನ್ನೆ ನಮ್ಮ ಮಹಡಿಗೆ ಸಿಲಿಂಡರ್ ತರುತ್ತಿದ್ದ ಮಾವನ ಹೆಜ್ಜೆ ಸಪ್ಪಳ ನಡುವೆಯೇ ನಿಂತುಹೋಯಿತು. ಮೊಣಕಾಲು ಮತ್ತೆ ಕೈಕೊಟ್ಟಿತೇನೋ ಎಂದು ಮೆಟ್ಟಿಲ ಬಳಿಗೆ ಓಡಿದೆ. ಬಗ್ಗಿ ನೋಡಿದೆ. ಸಿಲಿಂಡರ್ ಹೆಗಲ ಮೇಲೇ ಇತ್ತು. ಮಾವ ಕೆಳಗಿನ ಮನೆಯವರಿಗೆ ತಮ್ಮ ಮೊಣಕಾಲಿನ ಕಥೆಯನ್ನು ಮೊದಲಿಂದ ಹೇಳುತ್ತಿದ್ದರು.