ಹತ್ತಿ ಕೋಣೆಯ ಉಸಿರು

ಬೆಳಗ್ಗೆ ಎದ್ದವಳೇ ದಿಂಬಕ್ಕ ಕಾಲು ಮಡಿಸಿ ಕೂತು, ಮೂಗಿನ ತುದಿಯಲ್ಲಿ ಉಸಿರು ಬಂದು ಹೋಗುವುದನ್ನು ಸುಮ್ಮನೆ ನೋಡುತ್ತಿದ್ದಳು. ಒಲೆ, ಪಾತ್ರೆ, ಗಂಡನ ಗೊಣಗಾಟ ಎಲ್ಲ ಆಮೇಲೆ. ಜ್ವರ ಬಂದ ದಿನವೂ ಬಿಟ್ಟವಳಲ್ಲ. ಕಲಿಸಿದವಳು ಸೋದರತ್ತೆ. ಆಕೆ ಯೋಗದ ಗುರುಗಳಿಂದ ಉಸಿರನ್ನು ಹದವಾಗಿ ಎಳೆದು ಬಿಡುವುದನ್ನೂ, ಬೌದ್ಧ ಭಿಕ್ಷುವೊಬ್ಬರಿಂದ ಅದನ್ನು ತಿದ್ದದೆ ನೋಡುವುದನ್ನೂ ಕಲಿತಿದ್ದಳು. ಉಸಿರು ಮನೆಗೆ ಬಂದ ನೆಂಟರಿದ್ದ ಹಾಗೆ, ಜಗ್ಗಬೇಡ, ತಳ್ಳಬೇಡ ಎನ್ನುತ್ತಿದ್ದಳು.

ದಿಂಬಕ್ಕನ ಕೆಲಸ ಹಾಸಿಗೆ ಕಾರ್ಖಾನೆಯಲ್ಲಿ ದಿಂಬಿಗೆ ಹತ್ತಿ ತುಂಬುವುದು. ಹೆಸರು ಅಂಟಿಕೊಂಡದ್ದೂ ಅಲ್ಲೇ. ಹತ್ತಿ ಹಿಂಜುವ ಯಂತ್ರ ಅದೇ ಕೋಣೆಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಗಸರ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ, ಒಬ್ಬೊಬ್ಬರೂ ತಂತಮ್ಮ ಅಜ್ಜಿಯ ಹಾಗೆ ಕಾಣುತ್ತಿದ್ದರು. ಧೂಳು ಹೊರಗೆಳೆಯುವ ದೊಡ್ಡ ಫ್ಯಾನ್ ಹಾಕಿಸಿ ಎಂದು ಎಲ್ಲರೂ ಮೇಸ್ತ್ರಿಯ ತಲೆ ತಿಂದಿದ್ದರು. ಕೊನೆಗೂ ಧಣಿ ಹೂಂ ಅಂದು, ಗೋಡೆಯಲ್ಲಿ ಕಂಡಿಯನ್ನೂ ಕೊರೆಸಿದ್ದರು.

ಅಷ್ಟರಲ್ಲಿ, ಪಕ್ಕದಲ್ಲೇ ಕೂತು ದಿಂಬು ಹೊಲಿಯುತ್ತಿದ್ದ ನಾದಿನಿಗೆ ಕೆಮ್ಮು ಹೆಚ್ಚಾಯಿತು. ಕೆಮ್ಮು ಶುರುವಾದರೆ ಗಾಬರಿಗೇ ಉಸಿರು ಇನ್ನಷ್ಟು ಕಟ್ಟುತ್ತಿತ್ತು. ದಿಂಬಕ್ಕ ಊಟದ ಬಿಡುವಿನಲ್ಲಿ ಅವಳನ್ನು ಅಂಗಳದ ನೆರಳಲ್ಲಿ ಕೂರಿಸಿ ಉಸಿರು ನೋಡಲು ಕಲಿಸಿದಳು. ಕೆಮ್ಮು ನಿಲ್ಲಲಿಲ್ಲ, ಗಾಬರಿ ಇಳಿಯಿತು. ಉಳಿದವರೂ ಬಂದು ಕೂತರು. ಮೇಸ್ತ್ರಿ ಅದನ್ನು ಕಂಡವನೇ ಧಣಿಯ ಕಿವಿಗೆ ಹಾಕಿದ: ಹೆಂಗಸರೀಗ ತಣ್ಣಗಾಗಿದ್ದಾರೆ, ಫ್ಯಾನಿನ ಮಾತೇ ಎತ್ತುತ್ತಿಲ್ಲ.

ವಾರದೊಳಗೆ ಕಂಡಿಗೆ ಹಲಗೆ ಬಡಿದರು. ಫ್ಯಾನಿನ ಬದಲು ಉಸಿರಾಟದ ತರಬೇತಿ ಕೊಡುವವನೊಬ್ಬ ಬಂದ. ಅಂಗಳಕ್ಕೆ ಹೋಗಿ ಬರುವಷ್ಟು ಹೊತ್ತು ಕೆಲಸ ಕೆಡುತ್ತದೆಂದು ಹತ್ತಿ ಕೋಣೆಯಲ್ಲೇ ಚಾಪೆ ಹಾಸಿಸಿ, ಎದೆ ತುಂಬ ಉಸಿರೆಳೆದು ಹಿಡಿಯಿರಿ ಎಂದ. ಎಳೆದರು. ನಾದಿನಿ ಕೆಮ್ಮಿ ಕೆಮ್ಮಿ ಚಾಪೆಯ ಮೇಲೇ ಮುದುಡಿಬಿದ್ದಳು. ಮನಸ್ಸು ಚಂಚಲವಾಗಿದೆ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಆ ಮಹಾಶಯ ಸಮಾಧಾನ ಹೇಳಿದ.

ದಿಂಬಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಉಸಿರನ್ನು ದೇವರೆಂದೇ ನಂಬಿದವಳು ಅವಳು. ಆ ದೇವರ ಬಾಯಿಗೆ ಹತ್ತಿ ತುರುಕಿ, ಅದಕ್ಕೆ ಶಾಂತಿ ಎಂದು ಹೆಸರಿಟ್ಟರಲ್ಲ! ತಾನು ಕಲಿಸಿದ್ದೇ ಅವರಿಗೆ ನೆಪವಾದದ್ದು ಇನ್ನೂ ಉರಿಸಿತು. ಉಸಿರು ನೋಡುವವರು ಕಂಡದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಯಾವ ಗುರು ಹೇಳಿದ್ದಾರೆ? ನಾದಿನಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ನೇರ ಮೇಸ್ತ್ರಿಯ ಮೇಜಿನ ಮುಂದೆ ನಿಂತಳು. ಕೋಣೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಹಿಂದೆಯೇ ಬಂದರು.

ಮೇಸ್ತ್ರಿ ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಅಕ್ಕಾ, ಯಾಕೆ ಸುಮ್ನೆ ರಂಪ? ಅವನನ್ನ ಕಳಿಸಿಬಿಡ್ತೀನಿ, ನೀವೇ ಪಾಠ ಹೇಳಿ. ಇನ್ಮೇಲೆ ಆಫೀಸ್ ರೂಮಲ್ಲೇ ಕೂತ್ಕೊಳ್ಳಿ, ತಣ್ಣಗೆ ಎಸಿ ಇದೆ. ನಾದಿನೀನೂ ಜೊತೇಲಿ ಇಟ್ಕೊಳ್ಳಿ. ನಿಮಗೋಸ್ಕರ ಅಂತ ಮಾಡ್ತಿರೋದು."

ನಾದಿನಿಯ ಎದೆ ಇಲ್ಲಿಗೂ ಕೇಳಿಸುವಂತೆ ಗೊರಗುಟ್ಟುತ್ತಿತ್ತು. ಆ ತಣ್ಣನೆ ಕೋಣೆ ಅವಳಿಗೆ ಬೇಕಾಗಿತ್ತು, ಅದು ದಿಂಬಕ್ಕನಿಗೂ ಗೊತ್ತಿತ್ತು. ತಿರುಗಿ ಅವಳ ಮುಖ ನೋಡಿದಳು. ಮೇಸ್ತ್ರಿಯ ಪಿಸುಮಾತು ಅವಳ ಕಿವಿಗೂ ಬಿದ್ದಿತ್ತು.

"ನಾವಿಬ್ರೂ ಎದ್ದು ಹೋದ್ರೆ ಹತ್ತಿ ಕೋಣೇಲಿ ನಮ್ಮ ಜಾಗಕ್ಕೆ ಯಾರನ್ನ ಕೂರಿಸ್ತಾರೆ, ಅತ್ತಿಗೆ?" ಎಂದಳು ನಾದಿನಿ.

ದಿಂಬಕ್ಕ ಮೇಸ್ತ್ರಿಯತ್ತ ತಿರುಗಿದಳು.

"ಬರೀ ನಮ್ಮಿಬ್ರಿಗೇ ಸಿಗೋ ಗಾಳಿ ಬೇಡಪ್ಪ. ಫ್ಯಾನ್ ಬರೋ ತನಕ ನಾವ್ಯಾರೂ ಆ ಕೋಣೆಗೆ ಕಾಲಿಡಲ್ಲ. ಧಣಿಗೆ ಹೇಳು."