ಸಾಯದ ಬಾಡಿಗೆದಾರರಿಗೆ ಮಾತ್ರ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಮಂಡ್ಯದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದಾಗ, ಈ ಪದವಿ ಕಂಡರೆ ಪೇಟೆಯ ಬಾಗಿಲುಗಳೆಲ್ಲ ತಾವೇ ತೆರೆದುಕೊಳ್ಳುತ್ತವೆ ಎಂದು ನಂಬಿದ್ದೆ. ದೊಡ್ಡವ್ವನಿಗೆ ಒಂದು ಕೋಣೆ ಹುಡುಕಲು ಹೊರಟ ಮೇಲೆ ಆ ನಂಬಿಕೆ ಇಳಿಯಿತು.

ದೊಡ್ಡವ್ವ ನನ್ನ ತಾಯಿಯ ಅಕ್ಕ, ಮಕ್ಕಳಿಲ್ಲದ ವಿಧವೆ. ಮಳವಳ್ಳಿ ಕಡೆಯ ಹಳ್ಳಿಯಲ್ಲಿ ಹಾಲು ಮಾರಿ ನನ್ನನ್ನು ಓದಿಸಿದವಳು. ಮಂಡಿ ನೋವು ಬಂದು ಎಮ್ಮೆಗಳನ್ನು ಕೊಟ್ಟುಬಿಟ್ಟ ಮೇಲೆ, ಆಸ್ಪತ್ರೆ, ಸಂತೆ, ಬೀದಿ ನಲ್ಲಿ ಎಲ್ಲ ಹತ್ತಿರವಿರುವ ಮಂಡ್ಯದಲ್ಲೇ ಇರುತ್ತೇನೆ ಎಂದಳು. ನನ್ನ ಮನೆಗೇ ಬಾ ಎಂದೆ.

"ನಿನ್ನೆಂಡ್ತಿ ಒಲೆ ಮುಂದೆ ನಾನು ನೆಂಟ್ಳು ಕಣ್ಲಾ. ನಂಗೆ ನನ್ನೊಲೆ ಬೇಕು."

ಮಂಡ್ಯದ ಮನೆ ಯಜಮಾನರು ದಯಾವಂತರು. ಕುಡುಕರಿಗೆ ಕೊಡುತ್ತಿದ್ದರು, ಇಸ್ಪೀಟಿನವರಿಗೂ ಕೊಡುತ್ತಿದ್ದರು. ಒಂಟಿ ಮುದುಕಿಗೆ ಮಾತ್ರ ಇಲ್ಲ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕಲ್ಲ. ಸಾಯುವ ಚಟ ಮುದುಕರಿಗೆ ಮಾತ್ರ ಇದೆಯೆಂಬಂತೆ ಮಾತಾಡುತ್ತಿದ್ದರು.

ಕೊನೆಗೆ ಬೆಲ್ಲದ ವ್ಯಾಪಾರಿಯೊಬ್ಬರ ಹಿತ್ತಲ ಕೋಣೆ ಖಾಲಿಯಿದೆಯೆಂದು ತಿಳಿದು ದೊಡ್ಡವ್ವನನ್ನೂ ಕರೆದುಕೊಂಡು ಹೋದೆ. ನನ್ನ ಪದವಿ ಹೇಳಿಕೊಂಡೆ, ಅವಳ ಆರೋಗ್ಯ ಹೊಗಳಿದೆ. ಅವರು ಎಲೆ ಅಡಿಕೆ ಜಗಿಯುತ್ತಲೇ ಕೇಳಿದರು:

"ನಿಮ್ ದೊಡ್ಡವ್ವ ಯಾವ ನಕ್ಷತ್ರದಲ್ಲಿ ಸಾಯ್ತದೆ ಅಂತ ನಿಮ್ ಬಿ.ಎ.ಲಿ ಯೋಳ್ಕೊಟ್ಟವ್ರಾ ಸ್ವಾಮಿ?"

ನಮ್ಮ ಪಾಠದಲ್ಲಿ ಅದಿರಲಿಲ್ಲ. ಆದರೂ ಅವರು ಉದಾರ ಮನಸ್ಸು ಮಾಡಿ ಒಂದು ಷರತ್ತು ಹಾಕಿದರು: ಮೈ ಬಿಸಿಯಾದ ದಿನವೇ ಮುದುಕಿಯನ್ನು ಗಾಡಿ ಕಟ್ಟಿಸಿ ಊರಿಗೆ ಸಾಗಿಸಬೇಕು. ದೊಡ್ಡವ್ವ ಜಗಲಿಯಿಂದ ಎದ್ದಳು.

ಆಗ ಒಳಗಿನಿಂದ ಇನ್ನೊಂದು ಮುದಿ ದನಿ ಬಂತು. ಯಜಮಾನರ ತಾಯಿ ನಡುಮನೆಯ ಮೂಲೆಯಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಂಗೂ ಗಾಡಿ ಕಟ್ಟುಸ್ತೀಯೇನ್ಲಾ ಮಗಾ? ಯಾವೂರ್ಗೆ?"

ಯಜಮಾನರ ದವಡೆ ನಿಂತಿತು. ಸಂಜೆಯೊಳಗೆ ಬೀಗದ ಕೈ ನಮ್ಮ ಕೈಗೆ ಬಂತು.

ಆ ಕೋಣೆಗೂ ನಡುಮನೆಗೂ ಒಂದೇ ಗೋಡೆ. ಮನೆ ಕೆಡಬಾರದೆಂದು ಯಜಮಾನರು ತಮ್ಮ ತಾಯಿಯನ್ನೇ ಕಾವಲಿಗೆ ಹಾಕಿದರು: ದಿನಾ ಬೆಳಿಗ್ಗೆ ಗೋಡೆ ತಟ್ಟಿ, ಬಾಡಿಗೆಯವಳು ಇದ್ದಾಳೋ ಇಲ್ಲವೋ ವಿಚಾರಿಸಬೇಕು. ಆಕೆಯೂ ತಪ್ಪದೆ ತಟ್ಟುತ್ತಿದ್ದರು.

"ಇದ್ದೀಯೇನವ್ವ?"

ದೊಡ್ಡವ್ವ ತನ್ನ ಒಲೆ ಊದುತ್ತಲೇ ಉತ್ತರ ಕೊಡುತ್ತಿದ್ದಳು:

"ನಕ್ಷತ್ರ ಸರಿಯಿಲ್ಲ ಕಣಕ್ಕ, ಇವತ್ತು ಬ್ಯಾಡ ಬುಡು."