ಖಾಲಿ ಮಳಿಗೆಯ ಸದ್ದು

ಬೆಳಿಗ್ಗೆ ಹಾಲು ಕಾಯಿಸಿದೆ, ಅವರೆಕಾಯಿ ಸುಲಿದೆ, ಇವರ ಮಾತ್ರೆ ಎತ್ತಿಟ್ಟೆ, ರಾಗಿ ಹಸನು ಮಾಡಿ ಶಿವಣ್ಣನ ಗಿರಣಿಯಲ್ಲಿ ಹಿಟ್ಟು ಮಾಡಿಸಿಕೊಂಡು ಬಂದೆ. ಬಿಸಿ ಹಿಟ್ಟಿನ ವಾಸನೆಯ ಕೈಯಲ್ಲೇ ಕಂಪ್ಯೂಟರಿನ ಮುಂದೆ ಕೂತರೆ, ಆ ಗಿರಣಿಯ ಮಳಿಗೆ ಖಾಲಿ ಇದೆ ಎಂದು ಅದು ಹೇಳಿತು.

ಅರಸೀಕೆರೆಯ ಕೊಬ್ಬರಿ ಸಾಹುಕಾರರಿಗೆ ನಮ್ಮ ಬೇಲೂರಿನಲ್ಲಿ ಏಳು ಮಳಿಗೆಗಳಿವೆ. ಅವುಗಳ ಬಾಡಿಗೆ ಕರಾರು ನೋಡಿಕೊಳ್ಳುವುದು ಮೊದಲು ನನ್ನ ಮಾವನವರ ಕೆಲಸ, ಅವರು ತೀರಿಕೊಂಡ ಮೇಲೆ ನನ್ನದು. ಸಾಹುಕಾರರು ಹಾಕಿಸಿಕೊಟ್ಟ ಸಾಫ್ಟ್‌ವೇರಿಗೆ ಈ ವಾರ ಹೊಸ ಸೌಲಭ್ಯ ಬಂದಿದೆ. ಕರಾರು ಪತ್ರವಿದ್ದ ಮಳಿಗೆ ಹಸಿರು, ಇಲ್ಲದ್ದು ಕೆಂಪು. ಕೆಂಪಾದದ್ದನ್ನು ಖಾಲಿ ಎಂದು ಬರೆದು, ವರದಿಯನ್ನು ತಾನೇ ಸಾಹುಕಾರರ ಫೋನಿಗೆ ಕಳಿಸಿಬಿಡುತ್ತದೆ. ಹೊಸ ಪತ್ರ ತನ್ನಿ ಎಂದು ಏಳು ಜನರಿಗೂ ಮೆಸೇಜು ಹಾಕಿದ್ದೆ. ಆರು ಜನ ತಂದರು. ಶಿವಣ್ಣ ತರಲಿಲ್ಲವೆಂದು 'ಇಲ್ಲ' ಒತ್ತಿದವಳು ನಾನೇ. ಬೆರಳು ನನ್ನದು, ಬೈಗುಳ ಕಂಪ್ಯೂಟರಿಗೆ.

ಮಾವನವರ ಕಾಲದಲ್ಲಿ ಈ ಬಣ್ಣಗಳಿರಲಿಲ್ಲ ನೋಡಿ. ಛಾಪಾ ಕಾಗದ ಮೊದಲ ಸಲ ಮಾತ್ರ. ಆಮೇಲೆ ಹನ್ನೊಂದು ತಿಂಗಳಿಗೊಮ್ಮೆ, ಕರಾರು ಮುಗಿಯುವ ದಿನ, ಎರಡು ವೀಳ್ಯದೆಲೆ, ಒಂದು ಅಡಿಕೆ ಹಿಡಿದು ಮಳಿಗೆಗೆ ಹೋಗಿ ಕೂರುವರು. ಮಳೆ, ಬಸ್ಸು, ಸೊಸೆ ಮಾಡುವ ಸಾರಿನ ಉಪ್ಪು, ಎಲ್ಲ ಮಾತಾಡಿ ಏಳುವಾಗ ಎಲೆ ಕೈಗಿಡುವರು. ಅಲ್ಲಿಗೆ ಕರಾರು ಮುಂದುವರಿಯಿತು. ನನ್ನ ಸಾರಿಗೆ ಉಪ್ಪು ಕಮ್ಮಿಯೆಂಬುದು ಏಳೂ ಮಳಿಗೆಗೆ ಗೊತ್ತಿತ್ತು.

ಹನ್ನೊಂದು ಗಂಟೆಗೆ ಸಾಹುಕಾರರು ಫೋನು ಮಾಡಿದರು. ಮೊಬೈಲು ಮಾರುವವರೊಬ್ಬರು ಜಾಗ ಕೇಳಿದ್ದಾರೆ, ಆ ಖಾಲಿ ಮಳಿಗೆಗೆ ಸಂಜೆ ಮಾತು ಕೊಡುತ್ತೇನೆ ಎಂದರು. ಅದು ಖಾಲಿಯಿಲ್ಲ ಎಂದೆ. ವರದಿಯಲ್ಲಿದೆಯಲ್ಲಮ್ಮ ಎಂದು ಇಟ್ಟುಬಿಟ್ಟರು. ಕೂತಲ್ಲಿ ಕೂರಲಾಗಲಿಲ್ಲ. ಮಾವನವರ ಟ್ರಂಕನ್ನು ಎರಡು ಸಲ ಬಗೆದೆ. ಸಿಕ್ಕಿದ್ದು ಶಿವಣ್ಣನ ಅಪ್ಪನ ಹೆಸರಿನ ಪತ್ರ. ಆತ ಹೋಗಿ ಎಷ್ಟೋ ವರ್ಷವಾಯಿತು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಒಮ್ಮೆ ವಾಪಸು ಬಂದು, ಮತ್ತೆ ಗಿರಣಿಗೆ ಓಡಿದೆ.

ಶಿವಣ್ಣ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಪತ್ರ ಯಾಕೆ ತರಲಿಲ್ಲವೆಂದು ಕೇಳಿದೆ.

"ಅಪ್ಪ ಹೋದಾಗ ನಿಮ್ಮ ಮಾವ್ನೋರು ಇಲ್ಲೇ ಕುಂತು ಎಲೆ ಕೊಟ್ರು ಕಣಕ್ಕ. ಗಿರಣಿ ನಿಲ್ಲಿಸ್‌ಬ್ಯಾಡ ಕಣ್ಲಾ ಅಂದ್ರು. ನೀವೂ ಎಲೆ ತತ್ತೀರ ಅಂತ ಕಾಯ್ತಾ ಇವ್ನಿ. ನೀವು ಹಿಟ್ಟಿಗೇ ಬತ್ತೀರ."

ಅಲ್ಲೇ ನಿಂತು ಸಾಹುಕಾರರಿಗೆ ಫೋನು ಹಚ್ಚಿ, "ನಿಮ್ಮ ಖಾಲಿ ಮಳಿಗೆ ಸದ್ದು ಸ್ವಲ್ಪ ಕೇಳಿ ಸಾಹುಕಾರ್ರೆ," ಎಂದು ಗಿರಣಿಯ ಕಡೆ ಹಿಡಿದೆ. ರಾಗಿ ಬೀಳುತ್ತಲೇ ಇತ್ತು. ಆ ಕಡೆಯಿಂದ ಸಾಹುಕಾರರು, "ಇವತ್ತೇ ಕರಾರು ಬರೆಸ್ಬಿಡಮ್ಮ. ಮೊಬೈಲಿನೋರಿಗೆ ಬ್ಯಾರೆ ಕಡೆ ನೋಡ್ಕೊಳ್ಳಿ ಅಂತೀನಿ," ಎಂದರು.

ಪಕ್ಕದ ಅಂಗಡಿಯಿಂದ ಎಲೆ ತಂದು ಶಿವಣ್ಣನ ಕೈಗಿಟ್ಟೆ. ಪೆನ್ನು ಕೊಟ್ಟದ್ದು ಆಮೇಲೆ.

ಸಂಜೆಗೆ ಮಳಿಗೆ ಹಸಿರಾಯಿತು. ಮುಂದಿನ ಸಲ ಕರಾರು ಮುಗಿಯುವ ದಿನ ನಿಮಗೆ ಏನೆಂದು ನೆನಪಿಸಲಿ ಎಂದು ಕಂಪ್ಯೂಟರು ಕೇಳಿತು. ಇದೂ ಹೊಸ ಸೌಲಭ್ಯವೇ. ಏಳಕ್ಕೂ ಒಂದೇ ಬರೆದೆ: ಎಲೆ ಅಡಿಕೆ ಹಿಡಿದು ಹೋಗಿ ಕೂರುವುದು.

ರಾತ್ರಿ ಆ ಹಿಟ್ಟಿನದೇ ಮುದ್ದೆ, ಅವರೆಕಾಳಿನ ಸಾರು. ಉಪ್ಪು ಕಮ್ಮಿ ಎನ್ನುತ್ತಲೇ ಇವರು ಎರಡು ಸಲ ಬಡಿಸಿಕೊಂಡು ಉಂಡು, ನನಗಿಂತ ಮೊದಲು ನಿದ್ದೆ ಹೋದರು.